ಬಿಡ್ತು ಅನ್ನು

ನನಗೆ ಆರೋ ಏಳೋ ವರ್ಷ. ಅಮ್ಮನ ಜೊತೆ ಕುಂದಾಪುರದಿಂದ ಗಂಗೊಳ್ಳಿಗೆ ದೋಣಿಯಲ್ಲಿ ಹೋಗುತ್ತಿದ್ದೆ. ಅಜ್ಜಿಮನೆ ಆಚೆ ದಡದಲ್ಲಿತ್ತು. ಪಂಚಗಂಗಾವಳಿ ಸಮುದ್ರ ಸೇರುವ ಜಾಗ ಅದು, ನೀರು ಅಗಲ, ಗಾಳಿ ಜೋರು. ನಡುನೀರಿಗೆ ಬಂದಾಗ ದೋಣಿ ಒಮ್ಮೆ ಓಲಾಡಿತು. ನಾನು ದೊಡ್ಡ ದನಿಯಲ್ಲೇ ಕೇಳಿದೆ: "ಅಮ್ಮ, ದೋಣಿ ಮಗುಚಿದ್ರೆ?"

ಅಮ್ಮ ಬಾಯಿಯ ಮೇಲೆ ಮೆಲ್ಲಗೆ ಹೊಡೆದಳು. "ಬಿಡ್ತು ಅನ್ನು" ಅಂದಳು. ನಾನು "ಬಿಡ್ತು" ಅಂದೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಕಣ್ಣು ಮುಚ್ಚಿ ಕೈ ಮುಗಿದಳು. ಆದರೆ ಹಿಂದೆ ನಿಂತು ಹುಟ್ಟು ಹಾಕುತ್ತಿದ್ದ ಮುದುಕ ಮಾತ್ರ ನನ್ನ ಪ್ರಶ್ನೆಯನ್ನು ಪ್ರಶ್ನೆ ಎಂದೇ ತೆಗೆದುಕೊಂಡ. "ಮಗುಚ್ರೆ ದೋಣಿ ಬಿಡೂಕಾಗ ಮಗಾ. ಗಟ್ಟಿ ಹಿಡ್ಕಣ್ಕ್. ಮರ ಮುಳ್ಗುದಿಲ್ಲ" ಅಂದ. ಅಷ್ಟು ಹೇಳಿ ಮತ್ತೆ ಹುಟ್ಟು ಹಾಕತೊಡಗಿದ.

ಅಮ್ಮ ಹೋಗಿ ಬಹಳ ವರ್ಷವಾಯಿತು. ಆ ದೋಣಿಯವನ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ. ಆದರೆ ಮುಂಬಯಿಯ ಉಪನಗರದ ಒಂದು ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದ ಮೇಲೆ, ನನ್ನ ವೃತ್ತಿಜೀವನದ ದೊಡ್ಡ ಪ್ರಶ್ನೆ ಆ ದೋಣಿಯಲ್ಲೇ ಇತ್ತು ಎಂದು ಅನ್ನಿಸುತ್ತಿದೆ. ಕೆಟ್ಟದ್ದನ್ನು ಮೊದಲೇ ಯೋಚಿಸುವುದು ಅಪಶಕುನವೇ, ಕರ್ತವ್ಯವೇ? ಅಮ್ಮನ ಮಾತಿನಲ್ಲಿ ಪ್ರೀತಿ ಇತ್ತು, ದೋಣಿಯವನ ಮಾತಿನಲ್ಲೂ ಇತ್ತು. ಎರಡರಲ್ಲಿ ಯಾವುದನ್ನು ನಂಬಿ ಮಕ್ಕಳನ್ನು ಮೈದಾನಕ್ಕೆ ಬಿಡಬೇಕು?

2015ರ ಜನವರಿಯ ಒಂದು ಬೆಳಿಗ್ಗೆ ಈ ಪ್ರಶ್ನೆ ನನ್ನ ಎದುರಿಗೇ ಬಂದು ನಿಂತಿತು. ಅಂದು ನಮ್ಮ ಶಾಲೆಯ ವಾರ್ಷಿಕ ಕ್ರೀಡಾಕೂಟ. ಮುಂಬಯಿಯ ಎಷ್ಟೋ ಶಾಲೆಗಳಂತೆ ನಮಗೂ ಸ್ವಂತ ಮೈದಾನವಿರಲಿಲ್ಲ. ಶಾಲೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದ ಮೈದಾನವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದೆವು. ಸುಣ್ಣದ ಪುಡಿಯಲ್ಲಿ ಟ್ರ್ಯಾಕ್ ಎಳೆದು, ಶಾಮಿಯಾನ ಹಾಕಿ, ಮೈಕು ಕಟ್ಟಿಸಿದ್ದೆವು. ಮುಖ್ಯ ಅತಿಥಿಗೆ ಶಾಲು, ತೆಂಗಿನಕಾಯಿ, ಹೂಗುಚ್ಛ, ಎಲ್ಲದರ ಪಟ್ಟಿ ನನ್ನ ಜೇಬಿನಲ್ಲಿತ್ತು. ಯಾರು ಸ್ವಾಗತ ಹೇಳಬೇಕು, ಯಾರು ವಂದನಾರ್ಪಣೆ ಮಾಡಬೇಕು, ಯಾವ ಮಗು ಆರತಿ ತಟ್ಟೆ ಹಿಡಿಯಬೇಕು, ಎಲ್ಲವೂ ಬರೆದಾಗಿತ್ತು. ಒಂದು ಮಗು ಬಿದ್ದರೆ ಯಾರು ಏನು ಮಾಡಬೇಕು ಎಂಬುದೊಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಒಂಬತ್ತನೇ ತರಗತಿಯ ಹುಡುಗರ 800 ಮೀಟರ್ ಓಟ ನಡೆಯಿತು. ಎರಡನೆಯವನಾಗಿ ಗೆರೆ ದಾಟಿದ ಹುಡುಗ ಅಲ್ಲೇ ಗಕ್ಕನೆ ನಿಂತ, ಎರಡು ಹೆಜ್ಜೆ ತೂರಾಡಿ ಬಿದ್ದುಬಿಟ್ಟ. ಕೈಕಾಲು ಸ್ವಲ್ಪ ಅದುರಿದವು. ಒಂದೇ ಗಳಿಗೆಯಲ್ಲಿ ಐವತ್ತು ಜನ ಸುತ್ತುವರಿದರು. "ಫಿಟ್ಸ್, ಫಿಟ್ಸ್" ಎಂದು ಯಾರೋ ಕೂಗಿದರು. ಒಬ್ಬರು ತಮ್ಮ ಬೀಗದ ಕೈ ಗೊಂಚಲನ್ನೇ ತೆಗೆದು ಹುಡುಗನ ಅಂಗೈಗೆ ಒತ್ತಿದರು. ಮತ್ತೊಬ್ಬರು ಈರುಳ್ಳಿ ತರಲು ವಡಾಪಾವ್ ಗಾಡಿಯ ಕಡೆಗೆ ಓಡಿದರು. ದೈಹಿಕ ಶಿಕ್ಷಣದ ತರಬೇತಿ ಪಡೆದ ನಾನು ಮಾಡಿದ್ದೇನು? "ನೀರು, ನೀರು" ಎಂದು ಕಿರುಚಿದೆ, ಎಚ್ಚರವಿಲ್ಲದ ಹುಡುಗನ ಬಾಯಿಗೆ ಬಾಟಲಿ ಹಿಡಿದೆ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗಬಹುದು ಎಂಬುದು ನನಗೆ ಗೊತ್ತಿತ್ತು. ಎಂದೋ ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆ ಗಳಿಗೆಯಲ್ಲಿ ಗೊತ್ತಿದ್ದದ್ದು ಕೈಗೆ ಬರಲಿಲ್ಲ.

ಯಾರೋ ಪೋಷಕರು 108ಕ್ಕೆ ಫೋನು ಮಾಡಿದ್ದರು. ಆಂಬುಲೆನ್ಸ್ ಬಂತು. ಆದರೆ ಮೈದಾನದ ದೊಡ್ಡ ಗೇಟಿಗೆ ಬೀಗ ಹಾಕಿತ್ತು. ಪಕ್ಕದ ಸಣ್ಣ ಬಾಗಿಲಲ್ಲಿ ಒಬ್ಬೊಬ್ಬರೇ ನುಸುಳಬಹುದಿತ್ತೇ ಹೊರತು ಸ್ಟ್ರೆಚರ್ ಹೋಗುವಂತಿರಲಿಲ್ಲ. ಸೈರನ್ನು ಹೊರಗೆ ಕೂಗುತ್ತಲೇ ಇತ್ತು. ಒಳಗೆ ಹುಡುಗನ ಅಂಗೈಯಲ್ಲಿ ಯಾರದೋ ಮನೆಯ ಬೀಗದ ಕೈಗಳಿದ್ದವು. ಗೇಟಿನದು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಹುಡುಗ ಕಣ್ಣು ಬಿಟ್ಟ. "ಏನಾಯ್ತು ಸರ್?" ಎಂದು ಕೇಳಿದ. ಎದ್ದು ಕೂತ. ಆಂಬುಲೆನ್ಸಿನ ಡಾಕ್ಟರು ಸಣ್ಣ ಬಾಗಿಲಿನಿಂದ ನುಸುಳಿ ಬಂದು ಪರೀಕ್ಷೆ ಮಾಡಿದರು. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಜೋರಾಗಿ ಓಡಿ ಒಮ್ಮೆಲೇ ನಿಂತದ್ದರಿಂದ ರಕ್ತ ಕಾಲಿನ ಕಡೆ ಉಳಿದು ತಲೆಗೆ ಹೋಗುವುದು ಕಡಿಮೆಯಾಗಿ ತಲೆ ಸುತ್ತಿದೆ, ಅಷ್ಟೇ ಅಂದರು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿದಾಗಲೂ ಎಲ್ಲ ಸರಿಯಾಗಿಯೇ ಇತ್ತು. ಮರುದಿನ ಅವನು ಶಾಲೆಗೆ ಬಂದ. ತಿಂಗಳ ಕೊನೆಗೆ ಶಾಲೆಯ ಸಮಾರಂಭದಲ್ಲಿ "ಸಮಯಪ್ರಜ್ಞೆ ಮೆರೆದ" ನನಗೆ ಶಾಲು ಹೊದಿಸಿದರು.

ಅಂದರೆ ಏನೂ ಆಗಲಿಲ್ಲ. ನನ್ನ ಪ್ರಶ್ನೆ ಶುರುವಾಗುವುದೇ ಇಲ್ಲಿಂದ. ಏನೂ ಆಗದಿದ್ದರೆ ತಪ್ಪೂ ಆಗಿಲ್ಲವೇ?

ಮಗಳು ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದ್ದಳು. ಅವಳ ಹಳೆಯ ಪುಸ್ತಕಗಳು ಮಾಳಿಗೆಯಲ್ಲಿದ್ದವು. ಆ ವರ್ಷ ಲೋಕಲ್ಲಿನಲ್ಲಿ ಓದಲೆಂದು ಒಂದನ್ನು ತೆಗೆದುಕೊಂಡೆ. ಅದರಲ್ಲಿ ಡಬ್ಲ್ಯು. ಕೆ. ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ 1877ರಲ್ಲಿ ಬರೆದ ಒಂದು ಪ್ರಬಂಧವಿತ್ತು. ಒಬ್ಬ ಹಡಗಿನ ಮಾಲಿಕನಿದ್ದಾನೆ. ಹೊಟ್ಟೆಪಾಡಿಗೆ ಊರು ಬಿಟ್ಟು ಹೊರಟ ಜನರನ್ನು ತುಂಬಿಕೊಂಡು ಅವನ ಹಡಗು ಹೊರಡಬೇಕು. ಹಡಗು ಹಳೆಯದು, ದುರಸ್ತಿ ಬೇಕು ಎಂಬ ಅನುಮಾನ ಅವನಿಗೇ ಇದೆ. ಆದರೆ ಇಷ್ಟು ಸಲ ಹೋಗಿ ಬಂದಿದೆಯಲ್ಲ, ದೇವರು ಈ ಬಡವರನ್ನು ಕೈಬಿಡುತ್ತಾನೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕಳಿಸಿಬಿಡುತ್ತಾನೆ. ಹಡಗು ಮುಳುಗುತ್ತದೆ. ಅವನು ತಪ್ಪಿತಸ್ಥ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಕ್ಲಿಫರ್ಡ್ ಅಲ್ಲಿಗೇ ನಿಲ್ಲುವುದಿಲ್ಲ. ಹಡಗು ಮುಳುಗದೆ ದಡ ಸೇರಿದ್ದರೆ ಏನು ಎಂದು ಕೇಳುತ್ತಾನೆ. ಆಗಲೂ ಅವನ ತಪ್ಪು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ ಎನ್ನುತ್ತಾನೆ. ಸಿಕ್ಕಿಬೀಳಲಿಲ್ಲ, ಅಷ್ಟೇ.

ಘಾಟ್ಕೋಪರ್ ದಾಟಿದ್ದೂ ನನಗೆ ತಿಳಿಯಲಿಲ್ಲ. ನಾನೂ ಹೊಟ್ಟೆಪಾಡಿಗೆ ಊರು ಬಿಟ್ಟವನೇ, ಆ ಹಡಗಿನ ಪ್ರಯಾಣಿಕರ ಪೈಕಿ. ಆದರೆ ಓದುತ್ತ ಓದುತ್ತ ನಾನು ಪ್ರಯಾಣಿಕರ ಜೊತೆಗಲ್ಲ, ಮಾಲಿಕನ ಪಕ್ಕದಲ್ಲಿ ನಿಂತಿದ್ದೆ. ಇಷ್ಟು ವರ್ಷ ಕ್ರೀಡಾಕೂಟ ಮಾಡಿದ್ದೇವೆ, ಏನೂ ಆಗಿಲ್ಲವಲ್ಲ ಎಂಬುದು ನನ್ನದೇ ಮಾತಾಗಿತ್ತು.

ಅದೇ ಪುಸ್ತಕದ ಇನ್ನೊಂದು ಅಧ್ಯಾಯದಲ್ಲಿ ಥಾಮಸ್ ನೇಗೆಲ್ ಎಂಬವರ ವಾದವಿತ್ತು. ಇಬ್ಬರು ಲಾರಿ ಚಾಲಕರು ಬ್ರೇಕ್ ನೋಡಿಸದೆ ಗಾಡಿ ಓಡಿಸುತ್ತಾರೆ ಎಂದುಕೊಳ್ಳಿ. ಒಬ್ಬನ ಎದುರು ಮಗು ಓಡಿ ಬರುತ್ತದೆ, ಇನ್ನೊಬ್ಬನ ಎದುರು ಬರುವುದಿಲ್ಲ. ಇಬ್ಬರ ಅಲಕ್ಷ್ಯವೂ ಒಂದೇ. ಆದರೂ ಒಬ್ಬ ಜೀವನವಿಡೀ ನರಳುತ್ತಾನೆ, ಇನ್ನೊಬ್ಬನಿಗೆ ಏನಾಯಿತೆಂಬುದೇ ಗೊತ್ತಿಲ್ಲ. ಲೋಕ ತೀರ್ಪು ಕೊಡುವುದು ಆದದ್ದನ್ನು ನೋಡಿ, ಮಾಡಿದ್ದನ್ನು ನೋಡಿಯಲ್ಲ. ಇದು ನ್ಯಾಯವೇ ಎಂಬುದಕ್ಕೆ ನೇಗೆಲ್ ಸುಲಭದ ಉತ್ತರ ಕೊಡುವುದಿಲ್ಲ. ನನ್ನ ಹತ್ತಿರವೂ ಇಲ್ಲ. ಆದರೆ ಒಂದು ಮಾತು ಅನುಭವದಿಂದ ಹೇಳಬಲ್ಲೆ. ಶಾಲು ಹೊದ್ದುಕೊಂಡವನಿಗೆ ತನ್ನ ಬ್ರೇಕಿನ ಸ್ಥಿತಿ ಗೊತ್ತಿರುತ್ತದೆ.

ಇನ್ನು ನಾನು ಹೇಳಲೇಬೇಕಾದ ಸಂಗತಿ. ಗೇಟಿಗೆ ಬೀಗ ಏಕಿತ್ತು?

ಮೈದಾನದ ಗೇಟಿನಲ್ಲಿ ಅಂದು ನಿಂತಿದ್ದವನು ನಮ್ಮ ಶಾಲೆಯ ವಾಚ್‌ಮನ್. ಗುತ್ತಿಗೆಯ ಮೇಲೆ ಬಂದಿದ್ದ ಉತ್ತರ ಪ್ರದೇಶದ ವಯಸ್ಸಾದ ಮನುಷ್ಯ. ಮಕ್ಕಳೆಲ್ಲ ಚಾಚಾ ಎನ್ನುತ್ತಿದ್ದರು. ಮುಖ್ಯ ಅತಿಥಿ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದುಬಿಟ್ಟರು, ಹೂಗುಚ್ಛ ಇನ್ನೂ ಬಂದಿರಲಿಲ್ಲ. ನಾನೇ ಚಾಚಾನನ್ನು ಕರೆದು, ಸ್ಟೇಶನ್ನಿನ ಹತ್ತಿರ ಹೋಗಿ ಹೂಗುಚ್ಛ ತಾ ಎಂದೆ. ಗೇಟು ಯಾರು ನೋಡಿಕೊಳ್ಳುವುದು ಎಂದು ಅವನು ಕೇಳಿದ. ಹೊರಗಿನ ಹುಡುಗರು ಕ್ರಿಕೆಟ್ ಆಡಲು ನುಗ್ಗಬಾರದೆಂದು, "ಬೀಗ ಹಾಕಿ ಹೋಗು, ಐದು ನಿಮಿಷದ ಕೆಲಸ" ಎಂದೆ. ಅವನು ಬೀಗ ಹಾಕಿ, ಕೈಯನ್ನು ಜೇಬಿಗೆ ಹಾಕಿಕೊಂಡು ಹೋದ. ಹೇಳಿದ್ದನ್ನೇ ಮಾಡಿದ.

ಮರುವಾರ ಆಡಳಿತ ಮಂಡಳಿಯವರು, ಆಂಬುಲೆನ್ಸ್ ಒಳಗೆ ಬರಲಿಕ್ಕೆ ಏಕೆ ತಡವಾಯಿತು ಎಂದು ಕೇಳಿದರು. ನಾನು, "ವಾಚ್‌ಮನ್ ಗೇಟಿನಲ್ಲಿ ಇರಲಿಲ್ಲ" ಎಂದೆ. ಅದು ಸುಳ್ಳಲ್ಲ. ಯಾರು ಕಳಿಸಿದ್ದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಕ್ಷಣದಲ್ಲಿ ಅದು ಸಣ್ಣ ಮಾತೆಂದುಕೊಂಡೆ. ನಾಲ್ಕು ದಿನ ಕಳೆದ ಮೇಲೆ ಗೇಟಿನಲ್ಲಿ ಬೇರೊಬ್ಬ ವಾಚ್‌ಮನ್ ನಿಂತಿದ್ದ. ಚಾಚಾನನ್ನು ತೆಗೆದಿದ್ದರು. ನನಗೆ ಶಾಲು ಹೊದಿಸಿದ್ದು ಅದಾದ ಎರಡು ವಾರಕ್ಕೆ.

ಅವನನ್ನು ಹುಡುಕಿದೆನೇ? ಹುಡುಕಿದೆ, ತಡವಾಗಿ. ಅವನಿದ್ದ ಚಾಳಿನ ಕೋಣೆಯವರು, ಊರಿಗೆ ಹೋದ ಅಂದರು. ಯಾವ ಊರು ಎಂಬುದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮುಂಬಯಿಯಲ್ಲಿ ಮೂವತ್ತು ವರ್ಷ ಇದ್ದರೂ ನಾವು ಒಬ್ಬರಿಗೊಬ್ಬರು "ಊರಿಗೆ ಹೋದರು" ಎನ್ನುವಷ್ಟೇ ಪರಿಚಿತರು.

ಅಂದಿನಿಂದ ನನಗೆ ತಿಳಿದ ಒಂದು ಸತ್ಯವಿದೆ. ತುರ್ತು ಸಂದರ್ಭದ ಯೋಜನೆ ಎಂದರೆ ಜೀವ ಉಳಿಸುವ ಉಪಾಯ ಎಂದಷ್ಟೇ ನಾವು ತಿಳಿದಿದ್ದೇವೆ. ಅದು ನ್ಯಾಯದ ಮಾತೂ ಹೌದು. ಯಾರು ಏನು ಮಾಡಬೇಕೆಂದು ಮೊದಲೇ ಬರೆದಿಡದೆ ಹೋದರೆ, ಕೆಟ್ಟದ್ದು ನಡೆದ ಮೇಲೆ ಹೊಣೆ ನೀರಿನ ಹಾಗೆ ತಗ್ಗಿನ ಕಡೆಗೆ ಹರಿಯುತ್ತದೆ. ಟ್ರಸ್ಟಿಯಿಂದ ಮುಖ್ಯೋಪಾಧ್ಯಾಯರಿಗೆ, ಅವರಿಂದ ಮಾಸ್ತರನಿಗೆ, ಮಾಸ್ತರನಿಂದ ವಾಚ್‌ಮನ್‌ಗೆ. ಎಲ್ಲಕ್ಕಿಂತ ಕೆಳಗೆ ನಿಂತವನ ಕೆಳಗೆ ಯಾರೂ ಇರುವುದಿಲ್ಲ.

ಮುಂದಿನ ವರ್ಷ, 2016ರ ಕ್ರೀಡಾಕೂಟಕ್ಕೆ ಮೊದಲು, ನಾನು ಒಂದು ಹಾಳೆ ಬರೆದು ಮುಖ್ಯೋಪಾಧ್ಯಾಯಿನಿಯವರ ಮುಂದಿಟ್ಟೆ. ಅವರು ಮರಾಠಿಯವರು, ಒಳ್ಳೆಯವರು, ಮಕ್ಕಳೆಂದರೆ ಜೀವ. ಹಾಳೆಯ ಮೊದಲ ಸಾಲು "ಮಗುವಿಗೆ ಎಚ್ಚರ ತಪ್ಪಿ ಉಸಿರು ನಿಂತರೆ" ಎಂದಿತ್ತು. ಅವರು ಹಾಳೆಯನ್ನು ಬೋರಲಾಗಿ ಇಟ್ಟು, "ಶುಭ ಬೋಲ್ ರೇ ನಾರ್‍ಯಾ" ಎಂದು ನಕ್ಕರು.

ಮಹಾರಾಷ್ಟ್ರದಲ್ಲಿರುವವರಿಗೆ ಈ ಗಾದೆ ಗೊತ್ತು. ಶುಭ ನುಡಿಯೋ ನಾರ್‍ಯಾ ಅಂದರೆ ಅವನು, ಮಾಂಡವಕ್ಕೆ ಬೆಂಕಿ ಬಿದ್ದಿದೆ ಅಂದನಂತೆ. ನಮ್ಮಲ್ಲೂ ಇದೆ: ಶುಭ ನುಡಿಯೋ ಸೋಮ ಅಂದರೆ ಗೂಬೆ ಕಾಣ್ತದಲ್ಲೋ ಮಾಮ. ಎರಡು ಭಾಷೆಗಳೂ ಸೇರಿ ನಗುವುದು ಆ ಹೇಳುವವನನ್ನು ನೋಡಿ. ಆ ಗಾದೆಯಲ್ಲಿ ಒಂದು ವಿಚಿತ್ರವಿದೆ, ಅಂದೇ ನನಗೆ ಹೊಳೆದದ್ದು. ಮಾಂಡವಕ್ಕೆ ನಿಜವಾಗಿ ಬೆಂಕಿ ಬಿದ್ದಿತ್ತೇ ಎಂದು ಗಾದೆ ಹೇಳುವುದೇ ಇಲ್ಲ. ಯಾರೂ ತಿರುಗಿ ನೋಡಿದಂತೆಯೂ ಇಲ್ಲ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಒಂದು ಶಾಲೆಯಲ್ಲಿ ಅಡುಗೆ ಮನೆಯ ಕಿಡಿ ಹುಲ್ಲಿನ ಚಾವಣಿಗೆ ತಗುಲಿ 94 ಮಕ್ಕಳು ಸತ್ತರು. ಅದಾದ ಮೇಲೆ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2009ರಲ್ಲಿ ಕೋರ್ಟು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ಹೇಳಿತು. ಶಾಲೆಗಳಲ್ಲಿ ಬೆಂಕಿ ನಂದಿಸುವ ಉಪಕರಣ ಇರಬೇಕು, ಸಿಬ್ಬಂದಿಗೆ ಅದನ್ನು ಬಳಸುವ ತರಬೇತಿ ಆಗಬೇಕು ಎಂದಿತು. ನಮ್ಮ ಶಾಲೆಯ ಮೆಟ್ಟಿಲಿನ ಪಕ್ಕದಲ್ಲಿ ಕೆಂಪು ಸಿಲಿಂಡರು ನೇತಾಡತೊಡಗಿದ್ದು ಹಾಗೆ. ಒಳ್ಳೆಯದೇ ಆಯಿತು. ಆದರೆ ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ಅಭ್ಯಾಸ. ಅದರಲ್ಲೂ ಕೊಳ್ಳೆ ಹೊಡೆದ ಬಾಗಿಲೊಂದನ್ನೇ ಹಾಕುತ್ತೇವೆ. ತರಗತಿಯ ಬೆಂಕಿಗೆ ಸಿಲಿಂಡರು ಬಂತು, ಮೈದಾನದಲ್ಲಿ ಬೀಳುವ ಮಗುವಿಗೆ ಏನೂ ಬರಲಿಲ್ಲ.

ಮುಖ್ಯೋಪಾಧ್ಯಾಯಿನಿ ಬರೇ ಗಾದೆ ಹೇಳಿ ಸುಮ್ಮನಾಗಲಿಲ್ಲ. ಅವರಿಗೆ ಮೂರು ಆಕ್ಷೇಪಗಳಿದ್ದವು, ಮೂರೂ ತೂಕದವು.

ಒಂದು, ಇದನ್ನೆಲ್ಲ ಬರೆದರೆ ನಾವೇ ಹೊಣೆ ಒಪ್ಪಿಕೊಂಡ ಹಾಗಾಗುತ್ತದೆ. ಈಗ ಪೋಷಕರಿಂದ ಸಹಿ ಮಾಡಿಸಿಕೊಳ್ಳುವ ಕಾಗದವಿದೆಯಲ್ಲ, ಅದು ಸಾಲದೇ? ಆ ಕಾಗದ ನಿಮಗೂ ಗೊತ್ತಿರುತ್ತದೆ. ನನ್ನ ಮಗು ಆಟದಲ್ಲಿ ಭಾಗವಹಿಸಲು ಒಪ್ಪಿದ್ದೇನೆ, ಏನಾದರೂ ಸಂಭವಿಸಿದರೆ ಶಾಲೆ ಜವಾಬ್ದಾರಿಯಲ್ಲ. ನಾನು ಆ ಕಾಗದವನ್ನೂ ನನ್ನ ಹಾಳೆಯನ್ನೂ ಪಕ್ಕಪಕ್ಕ ಇಟ್ಟೆ. ಎರಡೂ ಕೆಟ್ಟದ್ದನ್ನೇ ಊಹಿಸಿ ಬರೆದವು. ಒಂದು, ಆಗ ಯಾರು ಜವಾಬ್ದಾರರಲ್ಲ ಎನ್ನುತ್ತದೆ. ಇನ್ನೊಂದು, ಆಗ ಯಾರು ಏನು ಮಾಡುತ್ತಾರೆ ಎನ್ನುತ್ತದೆ. ಅಂದರೆ ನಾವು ಕೆಟ್ಟದ್ದನ್ನು ಯೋಚಿಸುವುದೇ ಇಲ್ಲ ಎನ್ನುವುದು ಸುಳ್ಳು. ನಮಗಾಗಿ ಯೋಚಿಸಿದ್ದೇವೆ, ಮಗುವಿಗಾಗಿ ಯೋಚಿಸಿಲ್ಲ. ಅಪಶಕುನ ಎನ್ನುವುದಾದರೆ ಮೊದಲನೆಯ ಕಾಗದಕ್ಕೆ ಏಕೆ ಯಾರೂ ಬಿಡ್ತು ಅನ್ನುವುದಿಲ್ಲ?

ಎರಡನೆಯದು ದುಡ್ಡು. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ, ದಿನವಿಡೀ ನಿಲ್ಲುವ ಆಂಬುಲೆನ್ಸು, ಇವೆಲ್ಲ ದೊಡ್ಡ ಶಾಲೆಗಳ ಮಾತು, ನಮ್ಮ ಶಾಲೆಯ ಶುಲ್ಕವೆಷ್ಟು ಎಂದು ಅವರು ಕೇಳಿದರು. ಅದೂ ನಿಜವೇ. ಯಂತ್ರ ಇದ್ದರೆ ಬಹಳ ಒಳ್ಳೆಯದು. ಹೃದಯ ನಿಂತ ಮೇಲೆ ಆಘಾತ ಕೊಡುವುದು ಒಂದೊಂದು ನಿಮಿಷ ತಡವಾದ ಹಾಗೂ ಬದುಕುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ. ನಾಲ್ಕಾರು ನಿಮಿಷ ರಕ್ತ ಹೋಗದಿದ್ದರೆ ಮಿದುಳಿಗೆ ಹಾನಿ ಶುರುವಾಗುತ್ತದೆ. ಮುಂಬಯಿಯ ಟ್ರಾಫಿಕ್ಕಿನಲ್ಲಿ ನಾಲ್ಕು ನಿಮಿಷದಲ್ಲಿ ಯಾವ ಆಂಬುಲೆನ್ಸು ಬರುತ್ತದೆ? ಆದ್ದರಿಂದ ಮೊದಲ ನಿಮಿಷಗಳು ನಮ್ಮ ಕೈಗಳಿಗೇ ಸೇರಿದವು. ಎದೆಯ ನಡುವೆ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುವುದು. ಇದಕ್ಕೆ ಯಂತ್ರ ಬೇಡ, ಕಲಿತ ಕೈ ಬೇಕು. ಕೈಕಾಲು ಅದುರಿದರೆ ಫಿಟ್ಸ್ ಎಂದೇ ತಿಳಿಯಬಾರದು, ಹೃದಯ ನಿಂತಾಗಲೂ ಒಂದೆರಡು ಕ್ಷಣ ಹಾಗೆ ಅದುರಬಹುದು, ಆಗೊಮ್ಮೆ ಈಗೊಮ್ಮೆ ಏದುಸಿರು ಎಳೆದರೆ ಅದು ಉಸಿರಾಟವಲ್ಲ. ಇದನ್ನು ಕಲಿಯಲು ದುಡ್ಡೆಷ್ಟು ಬೇಕು? ನಮ್ಮ ಹುಡುಗನಿಗೆ ಆದದ್ದು ಹೃದಯದ ತೊಂದರೆ ಆಗಿದ್ದಿದ್ದರೆ, ನಾನು ಬಾಟಲಿ ಹಿಡಿದು ಕೂತ ಆ ನಿಮಿಷಗಳೇ ಅವನ ಜೀವದ ನಿಮಿಷಗಳಾಗಿದ್ದವು.

ಮೂರನೆಯ ಆಕ್ಷೇಪ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿತು. "ಸರ್, ಇದನ್ನು ಓದಿದ ತಾಯಿ ತಂದೆ ಮಕ್ಕಳನ್ನು ಆಟಕ್ಕೆ ಕಳಿಸುತ್ತಾರೆಯೇ? ಮೊದಲು ಬಿಡಿಸುವುದು ಹುಡುಗಿಯರನ್ನು" ಅಂದರು.

ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಭಯಕ್ಕೆ ಒಮ್ಮೆ ಬಾಗಿಲು ತೆರೆದರೆ ಅದು ಎಲ್ಲಿ ನಿಲ್ಲುತ್ತದೆ ಎಂದು ಹೇಳಲಾಗದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನೋಡಿದೆವಲ್ಲ, ಬೆಂಗಳೂರಿನಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ನನಗೂ ಊರಿನಿಂದ ಫೋನುಗಳು ಬಂದವು, ಮಗನನ್ನು ಜಿಮ್ಮಿಗೆ ಕಳಿಸಬಹುದೇ ಎಂದು. ಹತ್ತಿರ ಯಾರಾದರೂ ಕುಸಿದು ಬಿದ್ದರೆ ನಾನು ಏನು ಮಾಡಬೇಕು, ಕಲಿಸಿಕೊಡಿ ಎಂದು ಒಬ್ಬರೂ ಕೇಳಲಿಲ್ಲ. ಭಯ ನಮ್ಮನ್ನು ಬಿಡಿಸುವ ಕಡೆಗೆ ಒಯ್ಯುತ್ತದೆ, ಕಲಿಯುವ ಕಡೆಗಲ್ಲ. ಮುಂಬಯಿಯ ಮಕ್ಕಳಿಗೆ ಮೊದಲೇ ಮೈದಾನವಿಲ್ಲ. ಎಚ್ಚರಿಕೆಯ ಹೆಸರಿನಲ್ಲಿ ಇದ್ದ ಒಂದು ದಿನದ ಓಟವನ್ನೂ ಕಿತ್ತುಕೊಂಡರೆ ಅದು ಇನ್ನೊಂದು ಬಗೆಯ ಅನ್ಯಾಯ.

ಆದರೆ ಆ ದೋಣಿಯವನು ನನಗೆ ಏನು ಹೇಳಿದ್ದ? ದೋಣಿ ಹತ್ತಬೇಡ ಎನ್ನಲಿಲ್ಲ. ಮಗುಚುವುದೇ ಇಲ್ಲ ಎಂದೂ ಹೇಳಲಿಲ್ಲ. ಮಗುಚಿದರೆ ಏನು ಹಿಡಿದುಕೊಳ್ಳಬೇಕು ಎಂದ. ಅದನ್ನು ಕೇಳಿದ ಮೇಲೆ ನನ್ನ ಹೆದರಿಕೆ ಹೆಚ್ಚಾಗಲಿಲ್ಲ. ಕೈಗಳು ದೋಣಿಯ ಅಂಚನ್ನು ಹಿಡಿದವು, ಅಷ್ಟೇ. ಭಯಕ್ಕೂ ಸಿದ್ಧತೆಗೂ ಇರುವ ವ್ಯತ್ಯಾಸ ಇದೇ ಇರಬೇಕು. ಭಯಕ್ಕೆ ಮಾಡಲು ಕೆಲಸವಿರುವುದಿಲ್ಲ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ನಡುವೆ ಯುರೋ ಕಪ್ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಮೊದಲಾರ್ಧ ಮುಗಿಯುವ ಹೊತ್ತಿಗೆ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಯಾರೂ ಮುಟ್ಟದೆಯೇ ಕುಸಿದು ಬಿದ್ದ. ಹೃದಯ ನಿಂತಿತ್ತು. ತಂಡದ ನಾಯಕ ಓಡಿ ಬಂದು ಅವನನ್ನು ನೋಡಿಕೊಂಡ, ವೈದ್ಯರು ಎದೆ ಒತ್ತಿದರು, ಅಲ್ಲೇ ಮೈದಾನದಲ್ಲೇ ಯಂತ್ರದಿಂದ ಆಘಾತ ಕೊಟ್ಟರು, ಜೊತೆಯ ಆಟಗಾರರು ಬೆನ್ನು ತಿರುಗಿಸಿ ಸುತ್ತ ಗೋಡೆಯಂತೆ ನಿಂತರು. ಎರಿಕ್ಸನ್ ಬದುಕಿದ. ಮರುವರ್ಷ ಮತ್ತೆ ಆಡಿದ. ನಿವೃತ್ತನಾಗಿ ಮನೆಯಲ್ಲಿ ಕೂತು ಟಿವಿಯಲ್ಲಿ ಅದನ್ನು ನೋಡಿದ ನನಗೆ ಅತ್ತದ್ದು ನೆನಪಿದೆ. ಹೆಂಡತಿ, ದೇವರು ದೊಡ್ಡವನು ಅಂದಳು. ಹೌದು. ಆದರೆ ಅಲ್ಲಿ ಯಂತ್ರ ಎಲ್ಲಿದೆ ಎಂದು ಗೊತ್ತಿದ್ದವರು ಇದ್ದರು. ಗೇಟಿಗೆ ಬೀಗ ಇರಲಿಲ್ಲ.

ಮುಖ್ಯೋಪಾಧ್ಯಾಯಿನಿ ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಹಾಳೆ ಪೋಷಕರಿಗೆ ಹೋಗುವುದು ಬೇಡ, ಸಿಬ್ಬಂದಿಯಲ್ಲೇ ಇರಲಿ. ನಾನು ಒಪ್ಪಿದೆ. ಸರಿ ಮಾಡಿದೆನೋ ಇಲ್ಲವೋ ತಿಳಿಯದು.

ಹಾಳೆಯಲ್ಲಿ ದೊಡ್ಡದೇನೂ ಇರಲಿಲ್ಲ. ಎದೆ ಒತ್ತುವವರು ಯಾರು, ಅವರು ದಣಿದರೆ ಮುಂದಿನವರು ಯಾರು. 108ಕ್ಕೆ ಫೋನು ಮಾಡುವವರು ಒಬ್ಬರೇ, ಅವರು ಮೈದಾನದ ಗುರುತನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಹೇಗೆ ಹೇಳಬೇಕು. ಉಳಿದ ಮಕ್ಕಳನ್ನು ದೂರ ಕರೆದೊಯ್ಯುವವರು ಯಾರು. ಉಬ್ಬಸ ಇರುವ ಮಕ್ಕಳ ಪಂಪು ದೂರದ ಬ್ಯಾಗಿನಲ್ಲಲ್ಲ, ಮಗುವಿನ ಬಳಿಯೇ ಇರಬೇಕು. ಬಿಸಿಲ ಹೊಡೆತಕ್ಕೆ ಮೈ ಕಾದು ಮಾತು ತಪ್ಪಿದರೆ ನೆರಳಿಗೆ ಒಯ್ದು ಮೊದಲು ತಣ್ಣೀರು ಸುರಿದು ಮೈ ತಣಿಸುವುದು, ಆಮೇಲೆ ಆಸ್ಪತ್ರೆ. ಗುಡುಗು ಕೇಳಿದರೆ ಆಟ ನಿಲ್ಲಿಸಿ ಕಟ್ಟಡದೊಳಗೆ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಮತ್ತೆ ಮೈದಾನವಿಲ್ಲ. ಓಟ ಮುಗಿದವರು ಗಕ್ಕನೆ ನಿಲ್ಲಬಾರದು, ನಡೆಯುತ್ತಿರಬೇಕು. ಕೊನೆಯಲ್ಲಿ, ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಅವರು ಯಾರ ಮಾತಿಗೂ ಗೇಟು ಬಿಟ್ಟು ಹೋಗುವ ಹಾಗಿಲ್ಲ, ಮುಖ್ಯ ಅತಿಥಿ ಬಂದರೂ.

ಅದನ್ನು ಒಂದು ಶನಿವಾರ ಮೈದಾನದಲ್ಲಿ ಅಭ್ಯಾಸ ಮಾಡಿ ನೋಡಿದೆವು. ಏಳನೆಯ ತರಗತಿಯ ಹುಡುಗಿಯೊಬ್ಬಳು ಬಿದ್ದಂತೆ ನಟಿಸಿದಳು, ನಗು ತಡೆಯಲಾರದೆ ನಾಲ್ಕು ಸಲ ಎದ್ದು ಕೂತಳು. ಎಲ್ಲ ಮುಗಿದ ಮೇಲೆ ಶಾಲೆಯ ಮಾವಶಿ, ಕಸ ಗುಡಿಸುವವಳು, ಬಕೆಟ್ಟು ಕೆಳಗಿಟ್ಟು ನನ್ನ ಹತ್ತಿರ ಬಂದಳು. ಸರ್, ಗೇಟು ತೆರೆದಿದ್ದರೆ ಏನು ಬಂತು, ಮೂಲೆಯಲ್ಲಿ ರಿಕ್ಷಾ ಸ್ಟ್ಯಾಂಡ್ ಇದೆ, ಆಂಬುಲೆನ್ಸು ತಿರುಗುವುದೇ ಇಲ್ಲ, ಅಲ್ಲಿ ಒಬ್ಬರು ನಿಲ್ಲಬೇಕು ಅಂದಳು. ಇಷ್ಟು ವರ್ಷ ಆ ಮೂಲೆಯಿಂದಲೇ ನಡೆದು ಬರುತ್ತಿದ್ದ ನನಗೆ ಅದು ಕಂಡಿರಲಿಲ್ಲ. ಅವಳ ಹೆಸರನ್ನೇ ಆ ಮೂಲೆಗೆ ಬರೆದೆವು. ಚಾಚಾನನ್ನೂ ಯಾರಾದರೂ ಕೇಳಿದ್ದರೆ ಅವನೂ ಏನಾದರೂ ಹೇಳುತ್ತಿದ್ದ. ಗೇಟು ಯಾರು ನೋಡಿಕೊಳ್ಳುವುದು ಎಂದು ಅವನು ಕೇಳಿಯೇ ಇದ್ದನಲ್ಲ.

ಅದಾದ ಮೇಲೆ ನಾನು ನಿವೃತ್ತನಾಗುವವರೆಗೆ ಆ ಹಾಳೆಯನ್ನು ನಿಜವಾಗಿ ಬಳಸುವ ಸಂದರ್ಭ ಬರಲಿಲ್ಲ. ಹಾಗಾದರೆ ಅದು ವ್ಯರ್ಥವಾಯಿತೇ? ಏನೂ ಆಗಲಿಲ್ಲ ಎಂಬ ಮಾತು ಎರಡು ಸಲ ನನ್ನ ಬದುಕಿನಲ್ಲಿ ಬಂದಿದೆ. ಮೊದಲ ಸಲ ಶಾಲು ಬಂತು, ನಿದ್ದೆ ಬರಲಿಲ್ಲ. ಎರಡನೆಯ ಸಲ ಶಾಲು ಬರಲಿಲ್ಲ, ನಿದ್ದೆ ಬಂತು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಕ್ಲಿಫರ್ಡ್ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಅಮ್ಮನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಿಡ್ತು ಅನ್ನು ಎನ್ನುವಾಗ ಅವಳು ಪ್ರಾರ್ಥಿಸುತ್ತಿದ್ದಳು. ತನ್ನ ಕೈಯಲ್ಲಿಲ್ಲದ್ದನ್ನು ದೇವರಿಗೆ ಒಪ್ಪಿಸುತ್ತಿದ್ದಳು. ಈಜು ಬಾರದ ಅವಳಿಗೆ ನಡುನೀರಿನಲ್ಲಿ ಬೇರೇನು ಉಳಿದಿತ್ತು? ಆದರೆ ನಾನು ಆ ಮೈದಾನದಲ್ಲಿ ಅಮ್ಮನ ಜಾಗದಲ್ಲಿ ಇರಲಿಲ್ಲ, ಹುಟ್ಟು ನನ್ನ ಕೈಯಲ್ಲಿತ್ತು. ಹುಟ್ಟು ಹಿಡಿದವನು ಬಿಡ್ತು ಅಂದರೆ ಅದು ಪ್ರಾರ್ಥನೆಯಲ್ಲ, ಕೆಲಸ ತಪ್ಪಿಸಿಕೊಳ್ಳುವ ಉಪಾಯ.

ಕಳೆದ ತಿಂಗಳು ಮೊಮ್ಮಗಳ ಶಾಲೆಯಿಂದ ಕ್ರೀಡಾಕೂಟದ ಕಾಗದ ಬಂತು. ಅವಳು ಮೂರನೆಯ ತರಗತಿ, 50 ಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದಾಳೆ. ಕಾಗದದ ಕೊನೆಯ ಸಾಲು ಅದೇ ಹಳೆಯ ಸಾಲು, ಶಾಲೆ ಜವಾಬ್ದಾರಿಯಲ್ಲ. ಮಗಳು ಸಹಿ ಮಾಡಿದಳು. ನಾನು ಪೆನ್ನು ತೆಗೆದುಕೊಂಡು ಸಹಿಯ ಕೆಳಗೆ ಒಂದು ಸಾಲು ಸೇರಿಸಿದೆ: ಅಂದು ಮೈದಾನದ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ದಯವಿಟ್ಟು ತಿಳಿಸಿ.

"ಅಪ್ಪ, ಯಾಕಪ್ಪ ಇದೆಲ್ಲ? ಹುಡುಗಿ ಖುಷಿಯಾಗಿ ಓಡ್ತಾ ಇದಾಳೆ, ಬಿಡ್ತು ಅನ್ನು" ಅಂದಳು ಮಗಳು.

ನಾನು ಬಿಡ್ತು ಅಂದೆ. ಸಾಲನ್ನು ಮಾತ್ರ ಹೊಡೆದುಹಾಕಲಿಲ್ಲ. ಶಾಲೆಯಿಂದ ಇನ್ನೂ ಉತ್ತರ ಬಂದಿಲ್ಲ. ಕ್ರೀಡಾಕೂಟಕ್ಕೆ ಎಂಟು ದಿನವಿದೆ. ನಾಳೆ ಒಮ್ಮೆ ಹೋಗಿ ಗೇಟಿನಲ್ಲಿರುವವನ ಹೆಸರು ಕೇಳಿಕೊಂಡು ಬರಬೇಕೆಂದಿದ್ದೇನೆ.